ಬ್ರಿಕ್ ಲೇನ್ ಮಸೀದಿಯ ಕತೆಯನ್ನು ಓದುವ ಬಗೆ

ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಬೀದಿಯಲ್ಲಿರುವ ಜಾಮೆ ಮಸೀದಿಯ ಕತೆಯನ್ನು ಎರಡು ರೀತಿಯಲ್ಲಿ ಹೇಳುವುದು ವಾಡಿಕೆ. ಸೌಹಾರ್ದದ ಭಾಷಣಕಾರರಿಗೆ ಅದು ಮೂರು ಧರ್ಮಗಳಿಗೆ ನೆರಳಾದ ಒಂದೇ ಸೂರು. ನಮ್ಮವರೇ ಕೆಲವರಿಗೆ ಅದು ಚರ್ಚೊಂದು ಮಸೀದಿಯಾದ ಹೆಮ್ಮೆ. ವಲಸಿಗರನ್ನು ದ್ವೇಷಿಸುವವರು ಇದೇ ಎರಡನೆಯ ಮಾತನ್ನು ಭಯದ ದನಿಯಲ್ಲಿ ಆಡುತ್ತಾರೆ. ಎರಡೂ ಓದು ಅರ್ಧ ಸತ್ಯವೆಂಬುದು ನಮ್ಮ ಆಕ್ಷೇಪ.

1743ರಲ್ಲಿ ಈ ಕಟ್ಟಡವನ್ನು ಕಟ್ಟಿದವರು ಹ್ಯೂಗೆನೊಗಳು, ಅಂದರೆ ಫ್ರಾನ್ಸಿನ ಪ್ರೊಟೆಸ್ಟೆಂಟರು. 14ನೇ ಲೂಯಿ ದೊರೆ 1685ರಲ್ಲಿ ಇವರ ಧಾರ್ಮಿಕ ಹಕ್ಕನ್ನು ಕಿತ್ತುಕೊಂಡಾಗ ಸಾವಿರಾರು ಜನ ದೇಶ ಬಿಟ್ಟರು. ಇಲ್ಲಿ ನೆಲೆಸಿದವರಲ್ಲಿ ರೇಷ್ಮೆ ನೇಕಾರರು ಬಹಳ. ತಲೆಮಾರುಗಳು ಉರುಳಿದಂತೆ ಅವರು ಇಂಗ್ಲಿಷರಲ್ಲಿ ಬೆರೆತುಹೋದರು. 1809ರಲ್ಲಿ ಯಹೂದಿಗಳನ್ನು ಮತಾಂತರಿಸಲೆಂದೇ ಹುಟ್ಟಿದ ಕ್ರೈಸ್ತ ಸಂಘವೊಂದು ಇಲ್ಲಿಗೆ ಬಂತು. 1819ರಲ್ಲಿ ಮೆಥಡಿಸ್ಟರು ಬಂದರು. ಇತಿಹಾಸದ ವ್ಯಂಗ್ಯವೆಂದರೆ, ರಷ್ಯಾ ಸಾಮ್ರಾಜ್ಯದ ಹಿಂಸೆ ಮತ್ತು ಬಡತನಕ್ಕೆ ಬೇಸತ್ತು ಬಂದ ಯಹೂದಿಗಳು 1898ರಲ್ಲಿ ಅದನ್ನೇ ತಮ್ಮ ಸಿನಗಾಗ್ ಮಾಡಿಕೊಂಡರು. ಅವರೂ ಬೇರೆ ಬಡಾವಣೆಗಳಿಗೆ ಸರಿದ ಮೇಲೆ, ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಮುಸ್ಲಿಮರು ಕಟ್ಟಡವನ್ನು ಕೊಂಡರು. 1976ರಲ್ಲಿ ಮಸೀದಿ ತೆರೆಯಿತು.

ಇಲ್ಲಿ ಯಾರೂ ಯಾರಿಂದಲೂ ಏನನ್ನೂ ಕಸಿದುಕೊಂಡಿಲ್ಲ. ಹಾಗಾಗಿ ಗೆದ್ದ ಹೆಮ್ಮೆಗೂ ಸೋತ ಸಂಕಟಕ್ಕೂ ಆಧಾರವಿಲ್ಲ. ಹಾಗೆಯೇ ಇವರು ಕೂಡಿ ಬಾಳಿದರೆಂಬುದೂ ನಿಜವಲ್ಲ. ಒಬ್ಬರು ಎದ್ದುಹೋದ ಜಾಗದಲ್ಲಿ ಇನ್ನೊಬ್ಬರು ಬಂದು ಕೂತರು, ಅಷ್ಟೆ.

ಸೌಹಾರ್ದದ ಓದು ಮರೆಸುವ ಇನ್ನೊಂದು ಸಂಗತಿ ಗೋಡೆಯ ಹೊರಗಿದೆ. ಯಹೂದಿಗಳ ವಲಸೆ ತಡೆಯಲೆಂದೇ ಬ್ರಿಟನ್ 1905ರಲ್ಲಿ ಕಾನೂನು ತಂದಿತು. 1936ರ ಅಕ್ಟೋಬರ್ 4ರಂದು ಇದೇ ಪೂರ್ವ ಲಂಡನ್ನಿಗೆ ನುಗ್ಗಲು ಹೊರಟ ಫ್ಯಾಸಿಸ್ಟರನ್ನು ಕೇಬಲ್ ಸ್ಟ್ರೀಟ್‌ನಲ್ಲಿ ಯಹೂದಿಗಳೂ ಐರಿಷ್ ಕಾರ್ಮಿಕರೂ ಎಡಪಂಥೀಯರೂ ಸೇರಿ ತಡೆದರು. ಮಸೀದಿ ತೆರೆದ ಎರಡೇ ವರ್ಷಕ್ಕೆ, 1978ರ ಮೇ 4ರಂದು, ಬಟ್ಟೆ ಕಾರ್ಖಾನೆಯ ಯುವ ಕಾರ್ಮಿಕ ಅಲ್ತಾಬ್ ಅಲಿಯನ್ನು ಜನಾಂಗದ್ವೇಷಿಗಳು ಹತ್ತಿರದಲ್ಲೇ ಕೊಂದರು. ಹತ್ತು ದಿನಗಳ ನಂತರ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ನಡೆದರು. ಆ ಕೊಲೆ ನಡೆದ ಜಾಗದ ಉದ್ಯಾನಕ್ಕೆ ಈಗ ಅವನದೇ ಹೆಸರು.

ಕಟ್ಟಡ ಎಲ್ಲರನ್ನೂ ಒಳಗೆ ಬಿಟ್ಟುಕೊಂಡಿತು, ಬೀದಿ ಬಿಟ್ಟುಕೊಳ್ಳಲಿಲ್ಲ. ಅಲ್ಲಿ ಬದುಕುವ ಹಕ್ಕನ್ನು ಪ್ರತಿ ತಲೆಮಾರೂ ಹೋರಾಡಿಯೇ ಪಡೆಯಬೇಕಾಯಿತು. ಈ ಹೋರಾಟವನ್ನು ಬಿಟ್ಟು ಸೂರಿನ ಉದಾರತೆಯನ್ನಷ್ಟೇ ಹೊಗಳುವುದು ಸತ್ತವರಿಗೆ ಮಾಡುವ ಅನ್ಯಾಯ.

ಮಸೀದಿಯ ಹೊರಗೋಡೆಯ ಮೇಲೆ ಹ್ಯೂಗೆನೊಗಳು ಇಟ್ಟ ಸೂರ್ಯಗಡಿಯಾರ ಇನ್ನೂ ಇದೆ. ನಾವು ಬರೀ ನೆರಳು ಎಂಬರ್ಥದ ಲ್ಯಾಟಿನ್ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಅದನ್ನು ಯಹೂದಿಗಳೂ ಅಳಿಸಲಿಲ್ಲ, ಮುಸ್ಲಿಮರೂ ಅಳಿಸಲಿಲ್ಲ. ಮುಂದೊಮ್ಮೆ ಆ ಬೀದಿಗೆ ಬರುವ ಹೊಸಬರನ್ನು ಈಗಿನವರು ಹೇಗೆ ಕಾಣುತ್ತಾರೆ ಎಂಬುದರಿಂದಲೇ ಈ ಕತೆಯ ಬೆಲೆ ತಿಳಿಯಬೇಕು.