ಆತಕೂರಿನ ನಾಯಿ ಮತ್ತು ಆಯ್ದವರ ಪಾಪ

ಬೇಟೆಗೆ ತಕ್ಕ ನಾಯಿಯನ್ನು ಆರಿಸುವುದು ಕನ್ನಡ ನಾಡಿನಲ್ಲಿ ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ವಿನೋದಗಳ ಸಾಲಿನಲ್ಲಿ ನಾಯಿಗಳಿಗೂ ಬೇಟೆಗೂ ಪ್ರತ್ಯೇಕ ಸ್ಥಾನವನ್ನಿತ್ತಿದೆ. ಬಯಲಿನಲ್ಲಿ ಮೊಲವನ್ನು ಅಟ್ಟಲು ಕಣ್ಣು ಚುರುಕಾದ, ಕಾಲು ನೀಳವಾದ ನಾಯಿ ಬೇಕು. ಪೊದೆಯಲ್ಲಿ ಜಾಡು ಹಿಡಿಯಲು ಮೂಗು ಸೂಕ್ಷ್ಮವಾದುದು ಬೇಕು. ಹಂದಿಯನ್ನು ತಡೆಯಲು ಮೈಕಟ್ಟು, ಎದೆಗಾರಿಕೆ ಎರಡೂ ಉಳ್ಳದ್ದು ಬೇಕು. ಈ ಲೆಕ್ಕದಲ್ಲಿ ಒಂದು ಬಾಬು ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಆ ನಾಯಿ ಮಾಡುವ ಕೊಲೆಯನ್ನು ಯಾರ ಖಾತೆಗೆ ಬರೆಯಬೇಕು?

ಈ ಪ್ರಶ್ನೆಯನ್ನು ತಾನರಿಯದೆಯೇ ಎತ್ತಿರುವ ಬರಹವೆಂದರೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನ ಕಾಲ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಸೇವಕ ಮಣಲೇರನ ಶೌರ್ಯವನ್ನು ಮೆಚ್ಚಿದ ಚಕ್ರವರ್ತಿ ಬೇಡಿದ್ದನ್ನು ಕೊಡಲು ಮುಂದಾದಾಗ, ಆತನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ಅದನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಯಿತು. ಎರಡೂ ಒಂದನ್ನೊಂದು ಕೊಂದು ಸತ್ತವು. ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು.

ಬರಹವಾಗಿ ಇದು ಸೊಗಸಾದುದು. ನಾಯಿಯ ಗುಣವರ್ಣನೆಗೆ ಇಲ್ಲಿ ವಿಶೇಷಣಗಳ ಮಳೆಯಿಲ್ಲ. ಗೆದ್ದ ವೀರನು ಇದೊಂದನ್ನೇ ಬೇಡಿದನೆಂಬ ಸಂಗತಿಯೇ ಆ ನಾಯಿಯ ಬೆಲೆಯನ್ನು ಹೇಳಿಬಿಡುತ್ತದೆ. ಆದರೆ ಸ್ವಾಮಿನಿಷ್ಠೆಯ ಕಥೆಯೆಂದು ಇದನ್ನು ಮೆಚ್ಚುವವರು ಶಾಪವಾಕ್ಯವನ್ನು ಓದದೆ ದಾಟಬಾರದು. ದತ್ತಿಯನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಗಲಲಿ ಎಂಬುದು ನಮ್ಮ ಶಾಸನಗಳ ರೂಢಿಯ ಮಾತು. ಇಲ್ಲಿಯಾದರೋ, ಈ ಭೂಮಿಯನ್ನು ಅಳಿದವನು ‘ಆ ನಾಯಿ ಗೈದ ಪಾಪ’ವನ್ನು ಹೊರುವನೆಂದಿದೆ. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೂ ಅದೇ ಪಾಪ. ಪೂಜೆಗೊಂಡ ನಾಯಿ ಪಾಪಿಯೂ ಹೌದೆಂದು ಅದನ್ನು ಪೂಜಿಸಿದವರೇ ಕೆತ್ತಿಸಿದ್ದಾರೆ! ಜೈನಧರ್ಮಕ್ಕೆ ಆಶ್ರಯವಿತ್ತ ಗಂಗರ ಅಭಿಮಾನಿಗಳಾದ ನಾವು ಈ ವಿರೋಧವನ್ನು ಮುಚ್ಚಿಡಬೇಕಾಗಿಲ್ಲ.

ಶಾಸನದ ದೋಷವೆಂದರೆ ಪಾಪವನ್ನು ನಾಯಿಯ ತಲೆಗೆ ಕಟ್ಟಿ, ಕೊಟ್ಟವನನ್ನೂ ಬೇಡಿದವನನ್ನೂ ಬಿಡಿಸಿರುವುದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಲ್ಲಿ ನಾಯಿಯದು ಮೊದಲನೆಯದು ಮಾತ್ರ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಕೊಡಲಿ, ಕತ್ತಿ, ವಿಷ ಮೊದಲಾದವುಗಳನ್ನು ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಕೊಲ್ಲಲೆಂದೇ ಪಳಗಿಸಿದ ನಾಯಿಯ ದಾನ ಅದಕ್ಕಿಂತ ಹೇಗೆ ಬೇರೆಯಾದೀತು?

ಇದಕ್ಕೆ ಕಾವ್ಯದ ಉತ್ತರವನ್ನು ಕೊಟ್ಟವನು ಜನ್ನ. 1209ರ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯ ಬಲಿಗೆ ಪ್ರೇರಕಳಾದ ಚಂದ್ರಮತಿ ಮರುಜನ್ಮದಲ್ಲಿ ನಾಯಿಯಾಗುತ್ತಾಳೆ, ನವಿಲಾಗಿ ಹುಟ್ಟಿದ ತನ್ನ ಮಗನನ್ನೇ ಕಚ್ಚಿ ಕೊಲ್ಲುತ್ತಾಳೆ. ಆತಕೂರಿನ ಕಲ್ಲು ನಾಯಿಯ ಹಲ್ಲನ್ನು ಕಂಡಿತು. ಜನ್ನನು ಅದರ ಜೀವವನ್ನು ಕಂಡನು. ಯಶೋಮತಿಯು ಸುದತ್ತಮುನಿಯ ಮೇಲೆ ಬೇಟೆನಾಯಿಗಳನ್ನು ಬಿಟ್ಟಾಗ ಅವು ಶಾಂತವಾಗುತ್ತವೆ, ಕೆರಳಿದವನು ಅರಸನೊಬ್ಬನೇ. ಕ್ರೌರ್ಯವು ತಳಿಯಲ್ಲಿಲ್ಲ, ಬಿಟ್ಟ ಕೈಯಲ್ಲಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ನಮ್ಮಲ್ಲಿ ಅಪರಾಧ. ಆದರೂ ಮುಧೋಳ ನಾಯಿಯನ್ನು ಕೊಳ್ಳುವವರು ಮೊಲವನ್ನು ಹಿಡಿಯುವುದೇ ಎಂದು ಕೇಳುವುದುಂಟು. ಅದೇ ನೀಳ ಕಾಲು, ಅದೇ ಆಳವಾದ ಎದೆ, ಅದೇ ದೂರದೃಷ್ಟಿಯನ್ನು ನಂಬಿ ಸೇನೆಯು 2016ರಲ್ಲಿ ಮುಧೋಳದ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದಿತು. ಗುಣ ಒಂದೇ, ನಿಯೋಗ ಬೇರೆ. ಆದುದರಿಂದ ನಾಯಿಯನ್ನು ಆರಿಸುವ ಶ್ರಾವಕನು ಅದರ ಎತ್ತರವನ್ನೂ ವಂಶವನ್ನೂ ವಿಚಾರಿಸುವ ಮೊದಲು, ಅದರಿಂದ ಯಾವ ಕೆಲಸ ಮಾಡಿಸುವೆನೆಂಬುದನ್ನು ತನ್ನಲ್ಲಿಯೇ ವಿಚಾರಿಸಿಕೊಳ್ಳುವುದು ಯುಕ್ತ.