ಶೀಘ್ರವಾಚನವೂ ಸುವಾಚನವೂ

ಭಾರತ ಸರ್ಕಾರವು ೨೦೨೧ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆಯು, ಮೂರನೆಯ ತರಗತಿಯ ವಿದ್ಯಾರ್ಥಿಯು ಅಪರಿಚಿತವಾದ ಪಾಠವನ್ನು ಅರ್ಥಸಹಿತವಾಗಿ ನಿಮಿಷಕ್ಕೆ ೬೦ ಶಬ್ದಗಳಿಗೆ ಕಡಮೆಯಿಲ್ಲದಂತೆ ಓದಬೇಕೆಂದು ಗುರಿಯನ್ನಿಟ್ಟಿತು. ಅರ್ಥವನ್ನು ಕೈಬಿಡದಿದ್ದುದು ಶ್ಲಾಘ್ಯವೇ ಸರಿ. ಆದರೆ ಕನ್ನಡದಲ್ಲಿ ಒಂದು ಶಬ್ದವೆಂದರೆ ಎಷ್ಟು ಎಂಬುದನ್ನು ಮೊದಲು ವಿಚಾರಿಸಬೇಕಾಗಿದೆ.

‘ಮನೆಯಲ್ಲಿ ಇದ್ದಾನೆ’ ಎಂದು ಬಿಡಿಸಿ ಅಚ್ಚುಮಾಡಿದರೆ ಎರಡು ಶಬ್ದ. ‘ಮನೆಯಲ್ಲಿದ್ದಾನೆ’ ಎಂದು ಸಂಧಿಮಾಡಿದರೆ ಒಂದೇ. ಓದುವವನ ಶ್ರಮದಲ್ಲಿ ಭೇದವು ಅತ್ಯಲ್ಪ. ಎಣಿಸುವವನಿಗೆ ಮಾತ್ರ ಇಮ್ಮಡಿ. ೨೦೨೨ರ ರಾಷ್ಟ್ರೀಯ ಸಮೀಕ್ಷೆಯು ೨೦ ಭಾಷೆಗಳಿಗೆ ಬೇರೆಬೇರೆ ಮಟ್ಟಗಳನ್ನು ಗೊತ್ತುಮಾಡಹೊರಟುದು ಯುಕ್ತವೇ. ಆದರೂ ಶಬ್ದವನ್ನೇ ಎಣಿಸುವವರೆಗೆ ಒಂದೇ ಭಾಷೆಯ ಎರಡು ಪಾಠಗಳಿಗೂ ಅಳತೆ ಸಮನಾಗದು. ಇಂತಹ ಎಣಿಕೆಯೊಂದರಿಂದಲೇ ಮಗುವನ್ನು ಹಿಂದುಳಿದುದೆನ್ನುವುದು ಅನ್ಯಾಯ.

ಪದ್ಯದಲ್ಲಿ ತೊಡಕು ಇನ್ನೂ ಹೆಚ್ಚು. ಭಾಮಿನೀಷಟ್ಪದಿಯಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುತ್ತವೆ; ಶಬ್ದವಾದರೋ ಎಷ್ಟೋ ವೇಳೆ ಪಾದಾಂತವನ್ನು ದಾಟಿ ಹರಿಯುತ್ತದೆ. ಕುಮಾರವ್ಯಾಸಭಾರತವನ್ನು ಸಾಲುಸಾಲಿಗೂ ನಿಲ್ಲಿಸಿ ಓದಿದರೆ ಶಬ್ದವು ತುಂಡಾಗುತ್ತದೆ. ಅನ್ವಯವೊಂದನ್ನೇ ನೋಡಿದರೆ ನಡೆ ಕೆಡುತ್ತದೆ. ಇವೆರಡನ್ನೂ ಕೂಡಿಸುವ ವಿದ್ಯೆ ನಮ್ಮ ಗಮಕಿಗಳದು. ಅರ್ಥಾನುಸಾರವಾಗಿ ಪದಚ್ಛೇದಮಾಡಿ, ರಾಗದಿಂದ ನಡೆಯನ್ನು ಉಳಿಸಿಕೊಳ್ಳುವುದು ಅವರ ಕ್ರಮ.

ಆದುದರಿಂದ ಉಪಾಧ್ಯಾಯರು ಮೊದಲು ತಾವೇ ಓದಿ ಕೇಳಿಸಲಿ. ಮಕ್ಕಳು ಅದೇ ಭಾಗವನ್ನು ಮತ್ತೆಮತ್ತೆ ಗಟ್ಟಿಯಾಗಿ ಓದಲಿ. ಎಲ್ಲಿ ನಿಲ್ಲಬೇಕು, ಏತಕ್ಕೆ ನಿಲ್ಲಬೇಕು ಎಂಬುದನ್ನು ಹೇಳಲು ಕಲಿಯಲಿ. ಗಡಿಯಾರವನ್ನು ನೋಡುವುದು ಆಮೇಲೆ.