ಭೂಮಿಗೆ ದಾರಿ ಮುಚ್ಚಿದ ಮೇಲೆ

ಕಾದಂಬರಿ, ಕವನ ಸಂಕಲನ, ಅಪರೂಪಕ್ಕೊಂದು ನಾಟಕ ಇವುಗಳ ವಿಮರ್ಶೆಗೆ ಮೀಸಲಾದ ಈ ಪುಟದಲ್ಲಿ ಈ ಸಲ ಒಂದು ಕಂಪ್ಯೂಟರ್ ಆಟ ಬಂದು ಕೂತಿದೆ. ಹುಬ್ಬೇರಿಸಬೇಡಿ. ಇಟಾಸ್ಕಾದ ನಮ್ಮ ಮನೆಗಳಲ್ಲಿ ಮೇಲೆ ಗೋಷ್ಠಿ ನಡೆಯುತ್ತಿದ್ದಾಗ ಕೆಳಗೆ ಬೇಸ್‌ಮೆಂಟಿನಲ್ಲಿ ವಿಮಾನ ಹಾರಿಸಿ ಗುಂಡು ಹೊಡೆಯುತ್ತಿದ್ದ ಹುಡುಗರಿಗೆ ಈಗ ಮಕ್ಕಳಾಗಿವೆ. ಅವರು ಅಲ್ಲಿ ಏನು ಓದುತ್ತಿದ್ದರು (ಹೌದು, ಓದುತ್ತಿದ್ದರು ಎಂದೇ ನಮ್ಮ ವಾದ) ಎಂದು ನಾವು ಆಗ ಕೇಳಲಿಲ್ಲ, ಈಗ ಕೇಳೋಣ.

ನಾವು ಆರಿಸಿಕೊಂಡಿದ್ದು 'ಫ್ರೀಸ್ಪೇಸ್ 2', 1999ರದು. ಇದು ನಮ್ಮ ಇಲಿನಾಯ್ ರಾಜ್ಯದ್ದೇ ಬೆಳೆ. ಇಲ್ಲಿಂದ ದಕ್ಷಿಣಕ್ಕೆ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಸಿಗುವ ಶಾಂಪೇನ್ ಊರಿನಲ್ಲಿ ಪ್ಯಾರಲ್ಯಾಕ್ಸ್ ಎಂಬ ಪುಟ್ಟ ಸಂಸ್ಥೆಯಿತ್ತು. (ಪಕ್ಕದ ಅರ್ಬಾನಾದಲ್ಲೇ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದ ಹ್ಯಾಲ್ ಎಂಬ ಮಾತಾಡುವ ಕಂಪ್ಯೂಟರು ಹುಟ್ಟಿತೆಂದು ಕಥೆ. ಆ ಜೋಳದ ಹೊಲಗಳ ನಡುವೆ ಆಕಾಶ ಬಿಟ್ಟರೆ ನೋಡಲು ಬೇರೇನಿದೆ?) ಅವರು 1995ರಲ್ಲಿ 'ಡಿಸೆಂಟ್' ಮಾಡಿ ಹೆಸರಾದರು, ಮರುವರ್ಷ ಎರಡು ಪಾಲಾದರು. ಒಂದು ಪಾಲು ಡೆಟ್ರಾಯಿಟ್ ಬಳಿಯ ಆನ್ ಆರ್ಬರಿನಲ್ಲಿ ಔಟ್‌ರೇಜ್ ಆಯಿತು. ಶಾಂಪೇನ್‌ನ ಪಾಲು ವೊಲಿಶನ್ ಎಂಬ ಹೆಸರಿನಲ್ಲಿ 1998ರಲ್ಲಿ ಮೊದಲ 'ಫ್ರೀಸ್ಪೇಸ್' ತಂದಿತು. ಆ ವೊಲಿಶನ್ ಕೂಡ 2023ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಆಟ ಮಾತ್ರ ಉಳಿದಿದೆ. 2002ರಲ್ಲೇ ಅದರ ಮೂಲ ಕೋಡನ್ನು ಬಿಟ್ಟುಕೊಟ್ಟಿದ್ದರಿಂದ ಅಭಿಮಾನಿಗಳು ಇಂದಿನ ಯಂತ್ರಗಳಿಗೆ ಹೊಂದುವಂತೆ ಅದನ್ನು ತಿದ್ದುತ್ತಲೇ ಬಂದಿದ್ದಾರೆ.

ಹೊಸಬರಿಗೆ ಒಂದು ಮಾತು. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಈ ಆಟಗಳಿಗೆಂದೇ ಹುಟ್ಟಿದಂತಿದೆ. ಕಾಕ್‌ಪಿಟ್ಟಿನಲ್ಲಿ ಕೂತ ಮೊದಲ ಹತ್ತು ನಿಮಿಷ ಯಾವುದು ಮೇಲೆ, ಯಾವುದು ಕೆಳಗೆ ತಿಳಿಯುವುದಿಲ್ಲ, ವೈರಿ ಎಲ್ಲಿದ್ದಾನೋ ಕಾಣುವುದಿಲ್ಲ, ಕೌರವ ಸೇನೆ ಕಂಡ ಉತ್ತರಕುಮಾರನಂತೆ ರಥದಿಂದ ಧುಮುಕಿ ಓಡೋಣವೆನ್ನಿಸುತ್ತದೆ. ಓಡಬೇಡಿ. ಉತ್ತರನೂ ಬಿಲ್ಲು ಬಿಟ್ಟು ಮೊದಲು ಸಾರಥಿಯಾದನಷ್ಟೆ? ಹಾಗೆ ಮೊದಲು ಸಾರಥ್ಯ ಕಲಿಯಿರಿ. ತಿರುಚಬಲ್ಲ ಹಿಡಿಯ ಸಾಧಾರಣ ಜಾಯ್‌ಸ್ಟಿಕ್ ಸಾಕು, ದುಬಾರಿ ಸಲಕರಣೆ ಬೇಡ. ಆಟದೊಳಗಿನ ತರಬೇತಿಯನ್ನು ಹಾರಿಸದೆ ಮುಗಿಸಿ, ಮಟ್ಟವನ್ನು ನಾಚಿಕೆಪಡದೆ 'ವೆರಿ ಈಸಿ'ಗೆ ಇಡಿ. ಕೀಲಿಮಣೆಯ 'ಎಚ್' ಒತ್ತಿದರೆ ಹತ್ತಿರದ ವೈರಿ ಗುರಿಗೆ ಬರುತ್ತಾನೆ. 'ಎಂ' ಒತ್ತಿದರೆ ನಿಮ್ಮ ವೇಗ ಅವನ ವೇಗಕ್ಕೆ ಹೊಂದಿಕೊಳ್ಳುತ್ತದೆ. ಹೊಸಬರು ಸಾಯುವುದು ಬಹುಪಾಲು ವೇಗದ ಮದದಿಂದ: ವೈರಿಯನ್ನು ದಾಟಿ ಮುಂದೆ ಹೋಗಿ ಅವನಿಗೆ ಬೆನ್ನು ಕೊಡುತ್ತಾರೆ. ಇನ್ನು ಬಾಣ ಬಿಡಬೇಕಾದದ್ದು ವೈರಿಯ ಮೇಲಲ್ಲ, ಅವನ ಮುಂದೆ ತೋರುವ ಸಣ್ಣ ವೃತ್ತದ ಮೇಲೆ, ಅಂದರೆ ಅವನು ಇನ್ನೊಂದು ಕ್ಷಣಕ್ಕೆ ಇರಲಿರುವ ಜಾಗಕ್ಕೆ. ಇಷ್ಟು ಕೈಗೆ ಹತ್ತಿದ ಮೇಲೆ ಶಕ್ತಿಯನ್ನು ಆಯುಧ, ಕವಚ, ಎಂಜಿನ್‌ಗಳಿಗೆ ಹಂಚುವ ಲೆಕ್ಕ ತಾನಾಗಿ ಬರುತ್ತದೆ.

ಭೌತಶಾಸ್ತ್ರ ಓದಿದವರು ಮುನಿಸಿಕೊಳ್ಳಬಹುದು. ಇಲ್ಲಿನ ನೌಕೆಗಳು ಶೂನ್ಯದಲ್ಲಿ ಜಾರುವುದಿಲ್ಲ, ಗಾಳಿಯಲ್ಲಿನ ವಿಮಾನಗಳಂತೆ ತಿರುಗುತ್ತವೆ. ನ್ಯೂಟನ್ ಬೇಕಾದವರಿಗೆ 1993ರ 'ಫ್ರಾಂಟಿಯರ್' ಇದೆ. ಆದರೆ ಹೊಸಬರನ್ನು ಅಲ್ಲಿಗೆ ಕಳಿಸುವುದು ಅಕ್ಷರಾಭ್ಯಾಸಕ್ಕೆ ಕೇಶಿರಾಜನನ್ನು ಕೊಟ್ಟಂತೆ. ಮೆಚ್ಚಬೇಕಾದ ಅಂಶ ಬೇರೊಂದಿದೆ. ಒಂದೇ ಘಟ್ಟದಲ್ಲಿ ಐದು ಸಲ ಸೋತರೆ ಆಟವೇ 'ಬೇಕಿದ್ದರೆ ಮುಂದಿನದಕ್ಕೆ ಹೋಗಿ' ಎನ್ನುತ್ತದೆ. ಕೈ ಸೋತವನಿಗೆ ಕಥೆ ತಪ್ಪಬಾರದೆಂದು ಇದನ್ನು ಮಾಡಿದವರಿಗೆ ಅನ್ನಿಸಿತ್ತು.

ಹಾಗಾದರೆ ಕಥೆ ಏನು? ಹದಿನಾಲ್ಕು ವರ್ಷದಿಂದ ಕಾದಾಡುತ್ತಿದ್ದ ಮನುಷ್ಯರು ಮತ್ತು ವಸುಡನ್ನರೆಂಬ ಪರಲೋಕದವರ ಮೇಲೆ ಮೂರನೆಯವರು ಎರಗುತ್ತಾರೆ. ಅವರಿಗೆ ಮನುಷ್ಯರು ಇಟ್ಟ ಹೆಸರು 'ಶಿವನ್ಸ್'. ನಮ್ಮ ಕಿವಿಗೆ ಶಿವಣ್ಣನ ಬಹುವಚನದಂತೆ ಕೇಳುತ್ತದೆ, ಇರಲಿ. ಶಿವ ಲಯಕರ್ತ, ಆದ್ದರಿಂದ ನಾಶ ಮಾಡುವವರು ಶಿವನ್ನರು ಎಂಬಷ್ಟೇ ಇದರ ಹಿಂದಿನ ತರ್ಕ. ಇಂಗ್ಲಿಷ್ ಪಠ್ಯಪುಸ್ತಕದ ಒಂದು ಸಾಲಿನ ಶಿವ ಇವನು. ಕಷ್ಟ ಬಂದರೂ ಕಾಫಿ ಚೆಲ್ಲಿದರೂ 'ಶಿವನೇ' ಎನ್ನುವ, ವಚನಕಾರರು ಮನೆಯವನಂತೆ ಜಗಳಕ್ಕೆಳೆದ ಶಿವ ಆ ತರ್ಕದಲ್ಲಿಲ್ಲ. ಅವರ ಹಡಗುಗಳ ಹೆಸರಂತೂ ಸಂತೆ: ಲೂಸಿಫರ್, ರಾಕ್ಷಸ, ರಾವಣ. ಆತ್ಮಲಿಂಗ ಹೊತ್ತು ಗೋಕರ್ಣದವರೆಗೆ ಬಂದ ರಾವಣ ಶಿವನ ದಂಡಿನಲ್ಲಿರುವುದು ಗೊತ್ತಿಲ್ಲದೆಯೇ ಸರಿಯಾಗಿ ಬಿದ್ದ ಏಕೈಕ ಹೆಸರು. ಮೊದಲ ಆಟದ ಮಟ್ಟಿಗೆ ಇದು ಸೋಮಾರಿತನವೆಂದೇ ನಮ್ಮ ತೀರ್ಪು. ಎರಡನೆಯದರಲ್ಲಿ ಮಾತ್ರ ಹೆಸರಿಗೆ ತೂಕ ಬರುತ್ತದೆ. ಶಿವನ್ನರು ಒಂದು ಮಾತೂ ಆಡುವುದಿಲ್ಲ, ಏನನ್ನೂ ಬೇಡುವುದಿಲ್ಲ, ಯಾಕೆ ಬಂದರೆಂದು ಕೊನೆಗೂ ಯಾರಿಗೂ ತಿಳಿಯುವುದಿಲ್ಲ. ವಿಲನ್ನುಗಳ ಉದ್ದುದ್ದ ಭಾಷಣ ಕೇಳಿ ದಣಿದ ನಮಗೆ ಆ ಮೌನ ನಿಜಕ್ಕೂ ಭಯ ಹುಟ್ಟಿಸಿತು.

ನಮ್ಮನ್ನು ಹಿಡಿದು ಕೂರಿಸಿದ್ದು ಇನ್ನೊಂದು. ಮೊದಲ ಕಥೆಯಲ್ಲಿ ವಸುಡನ್ನರ ತಾಯ್ನೆಲ ಸುಟ್ಟುಹೋಗುತ್ತದೆ. ಭೂಮಿಯತ್ತ ಹೊರಟ ಲೂಸಿಫರನ್ನು ಮನುಷ್ಯರು ದಾರಿಯಲ್ಲೇ ಒಡೆಯುತ್ತಾರೆ, ಆ ಸ್ಫೋಟಕ್ಕೆ ಭೂಮಿಯ ದಾರಿಯೇ ಕುಸಿಯುತ್ತದೆ. ಊರು ಉಳಿಯಿತು, ಆದರೆ ಊರಿಗೆ ಹೋಗುವಂತಿಲ್ಲ! ಎರಡನೆಯ ಕಥೆ ಶುರುವಾಗುವುದು 32 ವರ್ಷದ ನಂತರ. ಈಗ ಹಾರುವ ಹುಡುಗರು ಹೊರಗೇ ಹುಟ್ಟಿದವರು, ಭೂಮಿ ಅವರಿಗೆ ಹಿರಿಯರ ಬಾಯಿಮಾತು. ಅವರಿಗಿಂತ ಹಿರಿಯನಾದ ಬಾಷ್ ಎಂಬ ಅಡ್ಮಿರಲ್ ವಸುಡನ್ನರೊಡನೆ ಸೇರಿ ಬಾಳುವುದೇ ಬೇಡವೆಂದು, ಮನುಷ್ಯರ ಹೆಸರಿನಲ್ಲಿ ಬಂಡೇಳುತ್ತಾನೆ. ಕಳೆದುಕೊಂಡ ಊರಿನ ನೆನಪು ನೆರೆಯವನ ಮೇಲಿನ ದ್ವೇಷವಾಗುವುದು ಎಷ್ಟು ಸುಲಭವೆಂದು ಪರದೇಶದಲ್ಲಿ ಸಂಘ ಕಟ್ಟಿದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆಟ ಅವನನ್ನು ಬರೀ ಖಳನನ್ನಾಗಿ ಮಾಡಿಲ್ಲ. ಅವನ ಸ್ವಗತಗಳೇ ಇಡೀ ಕೃತಿಯ ಒಳ್ಳೆಯ ಬರಹ.

ಕೊರತೆಗಳೂ ಇವೆ. ಆಡುವವನಿಗೆ ಹೆಸರಿಲ್ಲ, ಅವನು ಬರೀ 'ಆಲ್ಫಾ 1'. ಜೊತೆಗಾರರು ಬೆಳೆಯುವುದಿಲ್ಲ, ಸತ್ತರೆ ಅಳುವವರಿಲ್ಲ. ಕಥೆಯ ಮುಕ್ಕಾಲು ಪಾಲು ಆದೇಶಪತ್ರದ ಒಣ ಭಾಷೆಯಲ್ಲಿ ಬರುತ್ತದೆ. ಆದರೂ ಕೊನೆಯ ಘಟ್ಟ ನೋಡಿ. ಶಿವನ್ನರು ಕಪೆಲ್ಲಾ ಎಂಬ ನಕ್ಷತ್ರವನ್ನೇ ಸ್ಫೋಟಿಸಲಿದ್ದಾರೆ. ಅವರ ದಾರಿ ತಡೆಯಲು, ಹಿಂದೆ ತಮ್ಮ ಊರಿನ ದಾರಿ ಹೇಗೆ ಕುಸಿಯಿತೋ ಅದೇ ರೀತಿಯಲ್ಲಿ ಮನುಷ್ಯರು ತಾವೇ ದಾರಿಗಳನ್ನು ಕುಸಿಸುತ್ತಾರೆ. ನಿರಾಶ್ರಿತರ ಹಡಗುಗಳು ಇನ್ನೂ ಸಾಲಿನಲ್ಲಿವೆ. ನೀವು ಪಾರಾಗಬಹುದು, ಅಥವಾ ಅವರಿಗೆ ಕಾವಲಾಗಿ ನಿಂತು ಸುಡಬಹುದು. ಯಾವುದು ಮಾಡಿದರೂ ಕಥೆ ಮುಗಿಯುತ್ತದೆ, ಸೋತಿರಿ ಎಂದು ಯಾರೂ ಹೇಳುವುದಿಲ್ಲ. ಸಮಾರೋಪ ಮಾಡುವ ಅಡ್ಮಿರಲ್ಲನ ಹೆಸರು ಪೆಟ್ರಾರ್ಕ್ (ಸುನೀತದ ಪೆಟ್ರಾರ್ಕ್!). ಭೂಮಿಯ ದಾರಿಯನ್ನು ಮತ್ತೆ ತೆರೆಯಲು ಸಾಧ್ಯವಾಗಬಹುದು ಎಂದು ಅವನು ಹೇಳುತ್ತಾನೆ.

ಮೂರನೆಯ ಆಟ ಬರಲೇ ಇಲ್ಲ. ಆಟದ ಜೊತೆಗೇ ಹೊಸ ಘಟ್ಟಗಳನ್ನು ಕಟ್ಟುವ ಸಲಕರಣೆ ಇದ್ದುದರಿಂದ ಅಭಿಮಾನಿಗಳೇ ಮುಂದಿನ ಕಥೆ ಬರೆದರು. ಅವುಗಳಲ್ಲಿ ಹೆಸರಾದದ್ದು 'ಬ್ಲೂ ಪ್ಲಾನೆಟ್'. ಅದರಲ್ಲಿ ಶಿವನ್ನರಿಗೆ ಎದುರಾಗಿ ವಿಷ್ಣನ್ನರು ಬರುತ್ತಾರೆ. ನಮ್ಮ ಹರಿಹರದ ಗುಡಿಯಲ್ಲಿ ಇಬ್ಬರೂ ಒಂದೇ ವಿಗ್ರಹವೆಂದು ಅವರಿಗೆ ಯಾರಾದರೂ ಹೇಳಬೇಕಿತ್ತು. ಅದರ ಎರಡನೆಯ ಭಾಗದಲ್ಲಿ ಭೂಮಿಯ ದಾರಿ ತೆರೆದಿದೆ. ಐವತ್ತು ವರ್ಷ ಹೊರಗಿದ್ದವರ ಹಡಗುಗಳು ಊರಿಗೆ ಬಂದಿವೆ, ಯುದ್ಧಕ್ಕೆ. ಅವರನ್ನು ತಡೆಯುವ ಊರಿನವರ ಕಡೆಯಲ್ಲಿ, ಈ ಸಲ, ನೀವು ಹಾರುತ್ತೀರಿ.